ಮನೆಯ ಕಂಪ್ಯೂಟರನ್ನು ದೂರದಿಂದ ಬಳಸುವುದು: ಕರಾವಳಿಯ ಮನೆಗಳಿಗೊಂದು ಮಾರ್ಗದರ್ಶಿ

ಬ್ರಹ್ಮಾವರದ ಮನೆಯ ಕಂಪ್ಯೂಟರಿನಲ್ಲಿ ಟ್ಯಾಲಿ ಲೆಕ್ಕಪತ್ರ ಇಟ್ಟುಕೊಂಡು ವಾರವಿಡೀ ಮಂಗಳೂರಿನಲ್ಲಿ ದುಡಿಯುವವರು, ಕಾರ್ಕಳದಲ್ಲಿರುವ ತಂದೆತಾಯಿಯ ಪ್ರಿಂಟರ್ ಕೈಕೊಟ್ಟಾಗ ಬೆಂಗಳೂರಿನಲ್ಲೇ ಕುಳಿತು ಅದನ್ನು ಸರಿಪಡಿಸಬೇಕಾದವರು, ದುಬೈಯಲ್ಲೋ ದೋಹಾದಲ್ಲೋ ಇದ್ದುಕೊಂಡು ಉಡುಪಿಯ ಮನೆಯಲ್ಲಿ ಉಳಿದ ಕಡತಗಳನ್ನು ಆಗಾಗ ತೆರೆಯಬೇಕಾದವರು ನಮ್ಮ ಎರಡು ಜಿಲ್ಲೆಗಳಲ್ಲಿ ಬಹಳ ಮಂದಿ ಇದ್ದಾರೆ. ಇವರೆಲ್ಲರಿಗೂ ಬೇಕಾದದ್ದು ರಿಮೋಟ್ ಡೆಸ್ಕ್‌ಟಾಪ್ ವ್ಯವಸ್ಥೆ. ಮನೆಯ ಕಂಪ್ಯೂಟರಿನ ಪರದೆ ದೂರದ ಪರದೆಯ ಮೇಲೆ ಮೂಡುತ್ತದೆ, ಇಲ್ಲಿ ಒತ್ತಿದ ಕೀಲಿ ಅಲ್ಲಿ ಒತ್ತಿದಂತಾಗುತ್ತದೆ, ಕಡತ ಮಾತ್ರ ಮನೆಯಲ್ಲೇ ಇರುತ್ತದೆ.

ತಂತ್ರಾಂಶ ಹಾಕಿ ಒಮ್ಮೆ ಸಂಪರ್ಕ ಸಾಧಿಸುವುದು ಅರ್ಧ ಗಂಟೆಯ ಕೆಲಸ. ಕಷ್ಟ ಇರುವುದು ಬೇರೆ ಕಡೆ. ಜೂನ್ ತಿಂಗಳ ರಾತ್ರಿಯೊಂದರಲ್ಲಿ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಕರೆಂಟ್ ಹೋಗಿ, ಬೆಳಿಗ್ಗೆ ಅದು ಮರಳಿದಾಗ ಸಂಪರ್ಕವೂ ತಾನಾಗಿಯೇ ಮರಳಬೇಕು. ಹಾಗೆಂದು ಅದಕ್ಕಾಗಿ ಮನೆಯ ಬಾಗಿಲನ್ನು ಇಡೀ ಇಂಟರ್ನೆಟ್‌ಗೆ ತೆರೆದಿಟ್ಟಿರಲೂಬಾರದು. ಈ ಎರಡು ಷರತ್ತುಗಳನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ಉಳಿದ ಆಯ್ಕೆಗಳೆಲ್ಲ ತಾವಾಗಿ ಸುಲಭವಾಗುತ್ತವೆ.

ಯಾರಿಗೆ ಯಾವ ವಿಧಾನ

ಮೊದಲು ನೋಡಬೇಕಾದದ್ದು ಮನೆಯ ಕಂಪ್ಯೂಟರಿನಲ್ಲಿರುವ ವಿಂಡೋಸ್ ಯಾವ ಆವೃತ್ತಿಯದ್ದು ಎಂಬುದನ್ನು. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್ ವಿಭಾಗದ ಕೊನೆಯಲ್ಲಿರುವ ಅಬೌಟ್ ಪುಟಕ್ಕೆ ಹೋದರೆ ‘ಎಡಿಷನ್’ ಎಂಬಲ್ಲಿ ಹೋಮ್ ಎಂದೋ ಪ್ರೊ ಎಂದೋ ಬರೆದಿರುತ್ತದೆ. ಅಂಗಡಿಯಿಂದ ತಂದ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಹೋಮ್. ಮೈಕ್ರೋಸಾಫ್ಟಿನ ಸ್ವಂತ ರಿಮೋಟ್ ಡೆಸ್ಕ್‌ಟಾಪ್ ವ್ಯವಸ್ಥೆಯಲ್ಲಿ ಹೋಮ್ ಆವೃತ್ತಿಯ ಕಂಪ್ಯೂಟರಿನಿಂದ ಬೇರೆ ಕಂಪ್ಯೂಟರಿಗೆ ಹೋಗಬಹುದೇ ಹೊರತು, ಹೊರಗಿನಿಂದ ಅದರೊಳಗೆ ಬರಲಾಗದು. ಅದಕ್ಕೆ ಪ್ರೊ, ಎಂಟರ್‌ಪ್ರೈಸ್ ಅಥವಾ ಎಜುಕೇಷನ್ ಆವೃತ್ತಿಯೇ ಬೇಕು. ಹೋಮ್ ಆವೃತ್ತಿಯಲ್ಲೂ ಇದನ್ನು ನಡೆಸಿಕೊಡುತ್ತೇವೆ ಎನ್ನುವ ತೇಪೆ ತಂತ್ರಾಂಶಗಳು ಅಲ್ಲಲ್ಲಿ ಸಿಗುತ್ತವೆ. ಪರವಾನಗಿಯ ಪ್ರಶ್ನೆಯನ್ನು ಬದಿಗಿಟ್ಟರೂ, ವಿಂಡೋಸ್ ಅಪ್‌ಡೇಟ್ ಆದ ಮರುದಿನ ಅವು ಕೆಲಸ ನಿಲ್ಲಿಸುವುದುಂಟು. ನೀವು ದೋಹಾದಲ್ಲಿರುವಾಗ ಹಾಗಾದರೆ ಮಾಡಲು ಏನೂ ಉಳಿಯುವುದಿಲ್ಲ. ಅವುಗಳ ಗೊಡವೆ ಬೇಡ.

ಹೋಮ್ ಆವೃತ್ತಿ ಇರುವವರಿಗೆ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಸಾಕು. ಅದಕ್ಕೆ ಶುಲ್ಕವಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಪ್ರೊ ಆವೃತ್ತಿ ಇದ್ದು, ದಿನಕ್ಕೆ ಹಲವು ಗಂಟೆ ಕುಳಿತು ನಿಜವಾದ ಕೆಲಸ ಮಾಡುವವರಿಗೆ ವಿಂಡೋಸಿನದ್ದೇ ರಿಮೋಟ್ ಡೆಸ್ಕ್‌ಟಾಪ್ ಹೆಚ್ಚು ಹಿತ: ಅಕ್ಷರಗಳು ಸ್ಪಷ್ಟವಾಗಿರುತ್ತವೆ, ಪರದೆ ನಿಮ್ಮ ಅಳತೆಗೆ ಹೊಂದಿಕೊಳ್ಳುತ್ತದೆ, ನಿಧಾನ ಸಂಪರ್ಕದಲ್ಲೂ ಎಳೆದಾಡುವುದು ಕಡಿಮೆ. ಇವೆರಡರ ನಡುವೆ ಮನೆಯವರಿಗೆ ಮುಖ್ಯವಾಗುವ ಒಂದು ವ್ಯತ್ಯಾಸವಿದೆ. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ ಅವಕಾಶ. ನೀವು ಒಳಗೆ ಬಂದ ಕೂಡಲೇ ಮನೆಯಲ್ಲಿರುವ ಪರದೆ ಲಾಕ್ ಆಗುತ್ತದೆ. ಕ್ರೋಮ್‌ನದ್ದರಲ್ಲಿ ನೀವು ಮಾಡುವುದೆಲ್ಲ ಅಲ್ಲಿ ಕುಳಿತವರಿಗೂ ಕಾಣುತ್ತದೆ. ಅಪ್ಪನಿಗೆ ಪಿಂಚಣಿಯ ಅರ್ಜಿ ತುಂಬುವುದನ್ನು ತೋರಿಸಿಕೊಡಬೇಕಾದರೆ ಎರಡನೆಯದೇ ಆಗಬೇಕು. ಕಕ್ಷಿದಾರರ ಲೆಕ್ಕಪತ್ರ ನೋಡುವಾಗ ಮನೆಗೆ ಬಂದ ನೆಂಟರಿಗೆ ಅದು ಕಾಣಬಾರದು ಎಂದಾದರೆ ಮೊದಲನೆಯದು.

ಅಪರೂಪಕ್ಕೊಮ್ಮೆ ಸಹಾಯ ಮಾಡುವುದಷ್ಟೇ ಉದ್ದೇಶವಾದರೆ ಇಷ್ಟೆಲ್ಲ ಬೇಕಾಗಿಲ್ಲ. ವಿಂಡೋಸಿನೊಂದಿಗೆ ಬರುವ ಕ್ವಿಕ್ ಅಸಿಸ್ಟ್ ಎಂಬ ಸಾಧನವನ್ನು ಎರಡೂ ಕಡೆ ತೆರೆದು, ನೀವು ಹೇಳಿದ ಸಂಕೇತವನ್ನು ಮನೆಯವರು ತುಂಬಿ ಒಪ್ಪಿಗೆ ಕೊಟ್ಟರೆ ಅಷ್ಟರ ಮಟ್ಟಿಗೆ ಕೆಲಸ ಆಗುತ್ತದೆ. ಎನಿಡೆಸ್ಕ್, ಟೀಮ್‌ವ್ಯೂವರ್ ಹಾಗೂ ಮುಕ್ತ ತಂತ್ರಾಂಶವಾದ ರಸ್ಟ್‌ಡೆಸ್ಕ್ ಕೂಡ ಇದೇ ಕೆಲಸ ಮಾಡುತ್ತವೆ. ಮ್ಯಾಕ್ ಇರುವವರಿಗೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ, ಶೇರಿಂಗ್ ಎಂಬಲ್ಲಿ, ಸ್ಕ್ರೀನ್ ಶೇರಿಂಗ್ ಸಿದ್ಧವಾಗಿಯೇ ಇದೆ.

ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಅಳವಡಿಕೆ

ಮನೆಯ ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು, ನಿಮ್ಮ ಗೂಗಲ್ ಖಾತೆಯಿಂದ ಒಳಬಂದು, ರಿಮೋಟ್‌ಡೆಸ್ಕ್‌ಟಾಪ್ ಡಾಟ್ ಗೂಗಲ್ ಡಾಟ್ ಕಾಮ್ ವಿಳಾಸಕ್ಕೆ ಹೋಗಿ ‘ರಿಮೋಟ್ ಆ್ಯಕ್ಸೆಸ್’ ಪುಟವನ್ನು ತೆರೆಯಿರಿ. ಅಲ್ಲಿ ಸೂಚಿಸಿದಂತೆ ತಂತ್ರಾಂಶವನ್ನು ಇಳಿಸಿಕೊಂಡು ಸ್ಥಾಪಿಸಿದ ಮೇಲೆ ಕಂಪ್ಯೂಟರಿಗೊಂದು ಹೆಸರು ಮತ್ತು ಕನಿಷ್ಠ 6 ಅಂಕಿಗಳ ಪಿನ್ ಕೇಳುತ್ತದೆ. ಜನ್ಮದಿನಾಂಕ, ಸ್ಕೂಟರಿನ ನಂಬರು, 123456 ಇವು ಯಾವುದೂ ಬೇಡ. ಆರಕ್ಕಿಂತ ಹೆಚ್ಚು ಅಂಕಿಗಳನ್ನು ಕೊಡುವುದಕ್ಕೆ ಅಡ್ಡಿಯೇನಿಲ್ಲ. ಅಷ್ಟಾದರೆ ಮುಗಿಯಿತು. ದೂರದ ಕಂಪ್ಯೂಟರಿನಲ್ಲಿ ಅದೇ ಖಾತೆಯಿಂದ ಅದೇ ಪುಟ ತೆರೆದರೆ ಮನೆಯ ಕಂಪ್ಯೂಟರಿನ ಹೆಸರು ಕಾಣುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ ಪಿನ್ ಕೊಟ್ಟರೆ ಪರದೆ ತೆರೆದುಕೊಳ್ಳುತ್ತದೆ. ಇದು ವಿಂಡೋಸಿನಲ್ಲಿ ಸರ್ವೀಸ್ ಆಗಿ, ಅಂದರೆ ಹಿನ್ನೆಲೆಯಲ್ಲಿ ತಾನಾಗಿ ನಡೆಯುವುದರಿಂದ, ಕಂಪ್ಯೂಟರ್ ಮರುಚಾಲನೆಗೊಂಡು ಯಾರೂ ಲಾಗಿನ್ ಆಗದೆ ಇದ್ದರೂ ಲಾಗಿನ್ ಪರದೆಯವರೆಗೆ ತಲುಪಲು ಸಾಧ್ಯ.

ಇಲ್ಲಿ ಇಡೀ ವ್ಯವಸ್ಥೆ ನಿಂತಿರುವುದು ಗೂಗಲ್ ಖಾತೆಯ ಮೇಲೆ. ಆ ಖಾತೆಗೆ ಎರಡು ಹಂತದ ದೃಢೀಕರಣ ಇರಲೇಬೇಕು. ಗಲ್ಫ್‌ಗೆ ಹೋಗುವವರು ಒಂದು ವಿಷಯವನ್ನು ಊರಿನಲ್ಲಿರುವಾಗಲೇ ಗಮನಿಸಬೇಕು. ದೃಢೀಕರಣದ ಒಟಿಪಿ ಊರಿನ ಸಿಮ್‌ಗೆ ಬರುವಂತಿದ್ದು, ಆ ಸಿಮ್ ಅಲ್ಲಿ ರೋಮಿಂಗ್ ಇಲ್ಲದೆ ಸುಮ್ಮನೆ ಬಿದ್ದಿದ್ದರೆ, ಸ್ವಂತ ಖಾತೆಯ ಹೊರಗೆ ನಿಲ್ಲುವವರು ನೀವೇ. ಸಿಮ್ ಇಲ್ಲದೆಯೂ ಫೋನಿನಲ್ಲೇ ಸಂಕೇತ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡು, ಗೂಗಲ್ ಕೊಡುವ ಬ್ಯಾಕಪ್ ಸಂಕೇತಗಳನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನೊಂದಿಗೆ ಇಟ್ಟುಕೊಂಡರೆ ಆ ಚಿಂತೆ ಇಲ್ಲ.

ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್: ಮನೆಯೊಳಗೆ ಮೊದಲು

ಪ್ರೊ ಆವೃತ್ತಿ ಇದ್ದವರು ಸೆಟ್ಟಿಂಗ್ಸ್, ಸಿಸ್ಟಮ್, ರಿಮೋಟ್ ಡೆಸ್ಕ್‌ಟಾಪ್ ಎಂಬ ಕ್ರಮದಲ್ಲಿ ಹೋಗಿ ಅಲ್ಲಿನ ಗುಂಡಿಯನ್ನು ಆನ್ ಮಾಡಿದರೆ ಸಾಕು. ಫೈರ್‌ವಾಲಿನಲ್ಲಿ ಬೇಕಾದ ಅನುಮತಿಯನ್ನು ವಿಂಡೋಸೇ ಸೇರಿಸಿಕೊಳ್ಳುತ್ತದೆ. ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಷನ್ ಎಂಬ ಆಯ್ಕೆಯನ್ನು ತೆಗೆಯಬೇಡಿ. ಪೂರ್ತಿ ಪರದೆ ಮೂಡುವ ಮೊದಲೇ ಪಾಸ್‌ವರ್ಡ್ ಕೇಳುವ ಏರ್ಪಾಡು ಅದು. ಬಳಿಕ ಅದೇ ಮನೆಯ ವೈಫೈನಲ್ಲಿರುವ ಇನ್ನೊಂದು ಕಂಪ್ಯೂಟರಿನಲ್ಲಿ ‘ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್’ ತೆರೆದು ಮನೆಯ ಕಂಪ್ಯೂಟರಿನ ಹೆಸರನ್ನೋ 192.168 ಎಂದು ಆರಂಭವಾಗುವ ಅದರ ಆಂತರಿಕ ವಿಳಾಸವನ್ನೋ ಕೊಟ್ಟು ಪ್ರಯತ್ನಿಸಿ. ಒಳಗೆ ನಡೆಯದ್ದು ಹೊರಗಿನಿಂದ ನಡೆಯುವುದಿಲ್ಲವಾದ್ದರಿಂದ ಈ ಹಂತವನ್ನು ದಾಟದೆ ಮುಂದೆ ಹೋಗಬಾರದು. ಫೋನಿನಿಂದಲೋ ಮ್ಯಾಕ್‌ನಿಂದಲೋ ಬರುವವರು ಮೈಕ್ರೋಸಾಫ್ಟಿನ ‘ವಿಂಡೋಸ್ ಆ್ಯಪ್’ ಹಾಕಿಕೊಳ್ಳಬೇಕು.

ಹೆಚ್ಚಿನವರು ಸಿಕ್ಕಿಬೀಳುವುದು ಪಾಸ್‌ವರ್ಡಿನಲ್ಲಿ. ದಿನವೂ ನಾಲ್ಕಂಕಿಯ ಪಿನ್ ಒತ್ತಿ ಒಳಬರುವವರಿಗೆ ತಮ್ಮ ಮೈಕ್ರೋಸಾಫ್ಟ್ ಖಾತೆಯ ನಿಜವಾದ ಪಾಸ್‌ವರ್ಡ್ ಮರೆತೇ ಹೋಗಿರುತ್ತದೆ. ಈ ಕ್ರಮದಲ್ಲಿ ಒಳಬರಲು ಪಿನ್ ನಡೆಯದು, ಪಾಸ್‌ವರ್ಡೇ ಆಗಬೇಕು. ಸೈನ್-ಇನ್ ಆಪ್ಷನ್ಸ್ ಪುಟದಲ್ಲಿ ವಿಂಡೋಸ್ ಹಲೋ (ಪಿನ್, ಬೆರಳಚ್ಚು ಅಥವಾ ಮುಖ) ಮೂಲಕ ಮಾತ್ರ ಪ್ರವೇಶ ಎಂಬ ಆಯ್ಕೆ ಆನ್ ಆಗಿದ್ದರೆ ಅದನ್ನು ತೆಗೆದು, ಮನೆಯ ಕಂಪ್ಯೂಟರಿನ ಮುಂದೆಯೇ ಕುಳಿತು ಒಮ್ಮೆ ಪಾಸ್‌ವರ್ಡಿನಿಂದ ಲಾಗಿನ್ ಆಗಿ. ಹಾಗೆ ಮಾಡದಿದ್ದರೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ದೂರದಿಂದ ತಪ್ಪು ಎಂದು ತಿರಸ್ಕರಿಸುವುದುಂಟು. ಪಾಸ್‌ವರ್ಡೇ ಇಲ್ಲದ ಖಾತೆಗೆ ವಿಂಡೋಸ್ ದೂರದ ಪ್ರವೇಶವನ್ನು ಕೊಡುವುದಿಲ್ಲ, ಕೊಡಲೂಬಾರದು. ಇದಕ್ಕೆಂದೇ ಆಡಳಿತಾಧಿಕಾರವಿಲ್ಲದ ಪ್ರತ್ಯೇಕ ಖಾತೆಯೊಂದನ್ನು ತೆರೆದು, ಉದ್ದನೆಯ ಪಾಸ್‌ವರ್ಡ್ ಕೊಟ್ಟು, ರಿಮೋಟ್ ಡೆಸ್ಕ್‌ಟಾಪ್ ಪುಟದ ‘ಯೂಸರ್ಸ್’ ಪಟ್ಟಿಯಲ್ಲಿ ಅದನ್ನು ಸೇರಿಸುವುದು ನನ್ನ ಪ್ರಕಾರ ಉತ್ತಮ ಕ್ರಮ.

ಬೀದಿಗೆ ಬಾಗಿಲು ತೆರೆಯಬೇಡಿ

ಇನ್ನು ಹೊರಗಿನಿಂದ ಬರುವ ದಾರಿ. ಹಳೆಯ ಮಾರ್ಗದರ್ಶಿಗಳು ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿ 3389ನೆಯ ಪೋರ್ಟನ್ನು, ಅಂದರೆ ರಿಮೋಟ್ ಡೆಸ್ಕ್‌ಟಾಪ್ ಬಳಸುವ ಆ ಸಂಖ್ಯೆಯ ಬಾಗಿಲನ್ನು, ಮನೆಯ ಕಂಪ್ಯೂಟರಿಗೆ ತಿರುಗಿಸಲು ಹೇಳುತ್ತವೆ. ಹಾಗೆ ಮಾಡಬೇಡಿ. ಇಂಟರ್ನೆಟ್‌ನ ವಿಳಾಸಗಳನ್ನೆಲ್ಲ ಒಂದೊಂದಾಗಿ ತಟ್ಟಿ 3389 ತೆರೆದಿದೆಯೇ ಎಂದು ನೋಡುತ್ತಿರುವ ಯಂತ್ರಗಳು ಹಗಲಿರುಳೂ ನಡೆಯುತ್ತಿರುತ್ತವೆ. ತೆರೆದದ್ದು ಕಂಡರೆ ಪಾಸ್‌ವರ್ಡ್ ಊಹಿಸುವ ಕೆಲಸ ಆರಂಭವಾಗುತ್ತದೆ, ಸಿಕ್ಕಿದರೆ ಕಡತಗಳನ್ನೆಲ್ಲ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬರುತ್ತದೆ. ಪಾಸ್‌ವರ್ಡ್ ಗಟ್ಟಿಯಾಗಿದ್ದರೆ ಸಾಕೇ ಎಂದರೆ ಸಾಲದು. 2019ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ಬ್ಲೂಕೀಪ್ ಎಂಬ ದೋಷದಲ್ಲಿ ಪಾಸ್‌ವರ್ಡಿನ ಅಗತ್ಯವೇ ಇಲ್ಲದೆ ಹಳೆಯ ವಿಂಡೋಸ್ ಯಂತ್ರಗಳ ಒಳಹೊಕ್ಕಬಹುದಾಗಿತ್ತು. ಅದು ಎಷ್ಟು ಗಂಭೀರವಾಗಿತ್ತೆಂದರೆ, ಬೆಂಬಲ ಮುಗಿದು ವರ್ಷಗಳೇ ಆಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಬಿಡುಗಡೆ ಮಾಡಬೇಕಾಯಿತು. 3389ರ ಬದಲು ಬೇರೆ ಸಂಖ್ಯೆಯ ಪೋರ್ಟ್ ಕೊಟ್ಟರೆ ಹುಡುಕುವವರಿಗೆ ತುಸು ತಡವಾಗುತ್ತದೆ ಅಷ್ಟೇ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ಸೇರಿಸದೆ ಇನ್ನೂ ಅದರಲ್ಲೇ ಇರುವ ಯಂತ್ರವನ್ನು ಹೊರಗೆ ತೆರೆದಿಡುವುದಂತೂ ಸಲ್ಲದು.

ತೆರೆಯಲು ಹೊರಟರೂ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಅದು ಆಗುವುದೇ ಇಲ್ಲ, ಅದು ಬೇರೆ ಮಾತು. ಬ್ರಾಡ್‌ಬ್ಯಾಂಡ್ ಕಂಪನಿಗಳು ಹಲವು ಮನೆಗಳಿಗೆ ಸೇರಿ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚುವ ಸಿಜಿನ್ಯಾಟ್ ಪದ್ಧತಿಯನ್ನು ಅನುಸರಿಸುವುದರಿಂದ, ಹೊರಗಿನಿಂದ ಬಂದ ಕರೆ ಕಂಪನಿಯ ಯಂತ್ರದಲ್ಲೇ ನಿಂತುಬಿಡುತ್ತದೆ. ನಿಮ್ಮದು ಹಾಗೆಯೇ ಎಂದು ತಿಳಿಯಲು ರೂಟರಿನ ಪುಟದಲ್ಲಿ ವ್ಯಾನ್ ಐಪಿ ಎಂಬಲ್ಲಿರುವ ವಿಳಾಸವನ್ನೂ, ‘ನನ್ನ ಐಪಿ ಏನು’ ಎಂದು ಹುಡುಕಿದಾಗ ಸಿಗುವ ವಿಳಾಸವನ್ನೂ ಹೋಲಿಸಿ ನೋಡಿ. ಎರಡೂ ಬೇರೆಬೇರೆಯಾಗಿದ್ದು, ರೂಟರಿನದ್ದು 100.64ರಿಂದ 100.127ರ ನಡುವಿನದ್ದೋ 10ರಿಂದ ಆರಂಭವಾಗುವಂಥದ್ದೋ ಆಗಿದ್ದರೆ ಸಿಜಿನ್ಯಾಟ್ ಇದೆ ಎಂದು ಅರ್ಥ. ಕಂಪನಿಯಿಂದ ಸ್ಥಿರ ಐಪಿ ಕೊಂಡುಕೊಳ್ಳುವ ದಾರಿ ಇದೆ, ಆದರೆ ಈ ಕೆಲಸಕ್ಕೆ ಅದರ ಖರ್ಚು ದಂಡ.

ಇದಕ್ಕೆ ಸರಿಯಾದ ದಾರಿ ಖಾಸಗಿ ಜಾಲ, ಅಂದರೆ ವಿಪಿಎನ್. ವೈರ್‌ಗಾರ್ಡ್ ತಂತ್ರದ ಮೇಲೆ ಕಟ್ಟಿದ ಟೈಲ್‌ಸ್ಕೇಲ್ ಎಂಬ ಸೇವೆ ವೈಯಕ್ತಿಕ ಬಳಕೆಗೆ ಉಚಿತವಾಗಿದ್ದು, ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ. ಮನೆಯ ಕಂಪ್ಯೂಟರ್ ಮತ್ತು ಹೊರಗೆ ಒಯ್ಯುವ ಲ್ಯಾಪ್‌ಟಾಪ್ ಎರಡರಲ್ಲೂ ಅದನ್ನು ಸ್ಥಾಪಿಸಿ, ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯಿಂದ ಒಂದೇ ಜಾಲಕ್ಕೆ ಸೇರಿಸಿದರೆ ಪ್ರತಿಯೊಂದಕ್ಕೂ 100ರಿಂದ ಆರಂಭವಾಗುವ ವಿಳಾಸ ಸಿಗುತ್ತದೆ. ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್‌ನಲ್ಲಿ ಮನೆಯ ಕಂಪ್ಯೂಟರಿನ ಆ ವಿಳಾಸವನ್ನು ಕೊಟ್ಟರೆ, ಮಣಿಪಾಲದ ಹಾಸ್ಟೆಲಿನಲ್ಲಿದ್ದರೂ ಮುಂಬಯಿಯಲ್ಲಿದ್ದರೂ ಮನೆಯ ವೈಫೈನಲ್ಲಿದ್ದಂತೆಯೇ ಸಂಪರ್ಕ ಸಿಗುತ್ತದೆ, ರೂಟರಿನಲ್ಲಿ ಏನನ್ನೂ ಮುಟ್ಟಬೇಕಾಗಿಲ್ಲ.

ಟೈಲ್‌ಸ್ಕೇಲಿನಲ್ಲಿ ಎರಡು ಆಯ್ಕೆಗಳನ್ನು ಮರೆಯದೆ ಸರಿಪಡಿಸಬೇಕು, ಯಾಕೆಂದರೆ ಇವುಗಳ ಪರಿಣಾಮ ತಕ್ಷಣ ಕಾಣುವುದಿಲ್ಲ. ವಿಂಡೋಸಿನಲ್ಲಿ ಯಾರೂ ಲಾಗಿನ್ ಆಗಿಲ್ಲದಿದ್ದರೆ ಟೈಲ್‌ಸ್ಕೇಲ್ ಸಂಪರ್ಕ ಕಳಚಿಕೊಳ್ಳುತ್ತದೆ. ಅದರ ಪ್ರಿಫರೆನ್ಸಸ್‌ನಲ್ಲಿ ‘ರನ್ ಅನ್‌ಅಟೆಂಡೆಡ್’ ಎಂಬುದನ್ನು ಆರಿಸಿದರೆ ಮರುಚಾಲನೆಯ ನಂತರವೂ ಅದು ತಾನಾಗಿ ಜಾಲಕ್ಕೆ ಸೇರುತ್ತದೆ. ಎರಡನೆಯದು ಕೀಲಿಯ ಅವಧಿ. ಸಾಮಾನ್ಯವಾಗಿ 180 ದಿನಗಳಿಗೊಮ್ಮೆ ಪ್ರತಿ ಸಾಧನವೂ ಮತ್ತೆ ಲಾಗಿನ್ ಆಗಬೇಕೆಂಬ ನಿಯಮವಿದೆ. ರಜೆ ಮುಗಿಸಿ ಜನವರಿಯಲ್ಲಿ ಹೊರಟವರಿಗೆ ಜುಲೈಯಲ್ಲಿ, ಅಂದರೆ ಮನೆಯವರನ್ನು ಕಂಪ್ಯೂಟರಿನ ಮುಂದೆ ಕೂರಿಸಲು ತೀರಾ ಅನನುಕೂಲವಾದ ಮಳೆಗಾಲದಲ್ಲಿ, ಸಂಪರ್ಕ ಕಡಿಯುತ್ತದೆ. ಟೈಲ್‌ಸ್ಕೇಲಿನ ಅಡ್ಮಿನ್ ಪುಟದಲ್ಲಿ ಮನೆಯ ಕಂಪ್ಯೂಟರಿಗೆ ಮಾತ್ರ ಈ ಅವಧಿಯನ್ನು ರದ್ದುಪಡಿಸಿ. ಕೈಯಲ್ಲಿ ಹಿಡಿದು ತಿರುಗಾಡುವ ಲ್ಯಾಪ್‌ಟಾಪ್ ಮತ್ತು ಫೋನಿಗೆ ಅದು ಹಾಗೆಯೇ ಇರಲಿ.

ಇನ್ನೂ ಬಿಗಿ ಬೇಕೆನ್ನುವವರು ವಿಂಡೋಸ್ ಫೈರ್‌ವಾಲಿನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪಿನ ಒಳಬರುವ ನಿಯಮಗಳನ್ನು ತೆರೆದು, ಸ್ಕೋಪ್ ಎಂಬಲ್ಲಿ ದೂರದ ವಿಳಾಸಗಳನ್ನು ಟೈಲ್‌ಸ್ಕೇಲಿನ ವಿಳಾಸಗಳ ವ್ಯಾಪ್ತಿಯಾದ 100.64.0.0/10ಕ್ಕೆ ಸೀಮಿತಗೊಳಿಸಬಹುದು. ಆಗ ಮನೆಯ ವೈಫೈನಲ್ಲಿ ನೆಂಟರ ಲ್ಯಾಪ್‌ಟಾಪ್ ಬಂದು ಸೇರಿದರೂ ಅದಕ್ಕೆ ಈ ದಾರಿ ಸಿಗದು. ವಿದೇಶದಲ್ಲಿರುವವರು ವಿಪಿಎನ್ ಕುರಿತ ಅಲ್ಲಿನ ಕಾನೂನನ್ನು ನೋಡಿಕೊಂಡೇ ಇದನ್ನು ಬಳಸಬೇಕು. ಸಂದೇಹವಿದ್ದರೆ ಕ್ರೋಮ್‌ನ ವಿಧಾನವನ್ನೇ ಇಟ್ಟುಕೊಳ್ಳಿ.

ಮಳೆ, ಸಿಡಿಲು, ಕರೆಂಟ್

ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಸಂಪರ್ಕ ಕೈಕೊಡುವುದು ಹೆಚ್ಚಾಗಿ ತಂತ್ರಾಂಶದಿಂದಲ್ಲ, ಕರೆಂಟಿನಿಂದ. ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲೂ ಹಿಂಗಾರಿನ ಅಕ್ಟೋಬರಿನಲ್ಲೂ ಗುಡುಗು ಕೇಳಿದೊಡನೆ ಮನೆಯಲ್ಲಿರುವ ಹಿರಿಯರು ಕಂಪ್ಯೂಟರಿನ ಪ್ಲಗ್ ಕಿತ್ತಿಡುತ್ತಾರೆ. ಅವರು ಮಾಡುವುದು ಸರಿಯೇ. ದೂರದ ಸಂಪರ್ಕಕ್ಕಾಗಿ ಆ ಅಭ್ಯಾಸವನ್ನು ಬಿಡಿಸಬಾರದು. ಫೈಬರ್ ಕೇಬಲಿನ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲವಾದರೂ ಕೆಲವು ಕೇಬಲ್‌ಗಳಲ್ಲಿ ಆಸರೆಗೆಂದು ಇರುವ ಉಕ್ಕಿನ ತಂತಿ ಒಯ್ಯಬಲ್ಲದು, ವಿದ್ಯುತ್ ಲೈನಿನ ಮೂಲಕವಂತೂ ಸಿಡಿಲಿನ ಹೊಡೆತ ಸದಾ ಬರಬಹುದು.

ನಾವು ಮಾಡಬೇಕಾದದ್ದು, ಪ್ಲಗ್ ಮತ್ತೆ ಹಾಕಿ ಸ್ವಿಚ್ ಒತ್ತಿದರೆ ಉಳಿದದ್ದೆಲ್ಲ ತಾನಾಗಿ ನಡೆಯುವಂತೆ ಏರ್ಪಡಿಸುವುದು. ಡೆಸ್ಕ್‌ಟಾಪ್ ಕಂಪ್ಯೂಟರ್ ಆರಂಭವಾಗುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿ ಯಂತ್ರದ ಮೂಲ ಸೆಟ್ಟಿಂಗ್ಸ್ ಇರುವ ಬಯೋಸ್‌ಗೆ ಹೋಗಿ, ಪವರ್ ವಿಭಾಗದಲ್ಲಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’, ‘ಎಸಿ ಬ್ಯಾಕ್’ ಅಥವಾ ‘ಆಫ್ಟರ್ ಪವರ್ ಲಾಸ್’ ಎಂಬಂಥ ಹೆಸರಿನ ಆಯ್ಕೆಯನ್ನು ಹುಡುಕಿ ಪವರ್ ಆನ್ ಎಂದು ಇಡಿ. ಇನ್ನು ಮುಂದೆ ಗೋಡೆಯ ಸ್ವಿಚ್ ಹಾಕಿದ ಕೂಡಲೇ ಕಂಪ್ಯೂಟರ್ ಎದ್ದು ಕೂರುತ್ತದೆ. ಅಮ್ಮನಿಗೆ ಫೋನಿನಲ್ಲಿ ‘ಆ ದೊಡ್ಡ ಡಬ್ಬದ ಎದುರಿನ ಗುಂಡಿ, ಬಲಗಡೆಯದ್ದಲ್ಲ, ಮೇಲಿನದ್ದು’ ಎಂದು ವಿವರಿಸುವ ಪ್ರಸಂಗ ಬರುವುದಿಲ್ಲ. ವಿಂಡೋಸಿನ ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಎಂಬುದನ್ನು ‘ನೆವರ್’ಗೆ ಬದಲಿಸಿ, ಪರದೆ ಆರುವುದಕ್ಕೆ ಅಡ್ಡಿಯಿಲ್ಲ, ಕಂಪ್ಯೂಟರ್ ಮಲಗಬಾರದು. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಆರಂಭದಲ್ಲೇ ಬಿಟ್‌ಲಾಕರ್ ಪಿನ್ ಕೇಳುವಂತೆ ಇಟ್ಟವರು, ಆ ಪಿನ್ ಒತ್ತಲು ಮನೆಯಲ್ಲಿ ಯಾರಾದರೂ ಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವೇಕ್-ಆನ್-ಲ್ಯಾನ್ ಎಂಬ ಸೌಲಭ್ಯದ ಬಗ್ಗೆ ಓದಿದವರು ಅದೇ ಪರಿಹಾರ ಎಂದುಕೊಳ್ಳುವುದುಂಟು. ಮಲಗಿದ ಕಂಪ್ಯೂಟರಿನ ಮ್ಯಾಕ್ ವಿಳಾಸವನ್ನು (ಅದರ ಜಾಲದ ಭಾಗಕ್ಕಿರುವ ಗುರುತಿನ ಸಂಖ್ಯೆ) 16 ಬಾರಿ ಹೊತ್ತ ಒಂದು ಸಂದೇಶವನ್ನು ಕಳುಹಿಸಿ ಅದನ್ನು ಎಬ್ಬಿಸುವ ವಿಧಾನ ಅದು. ಆ ಸಂದೇಶ ಮನೆಯ ಜಾಲದೊಳಗಿನಿಂದಲೇ ಹೊರಡಬೇಕಾದ್ದರಿಂದ ಸದಾ ಎಚ್ಚರವಿರುವ ಇನ್ನೊಂದು ಸಾಧನ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರೋ ಆ ಸೌಲಭ್ಯವಿರುವ ರೂಟರೋ, ಮನೆಯಲ್ಲಿ ಇರಬೇಕು. ಅದು ಇದ್ದವರಿಗೆ ಅನುಕೂಲವೇ, ಇಲ್ಲದವರು ಅದಕ್ಕಾಗಿ ಹೊಸತನ್ನು ಕೊಳ್ಳುವಷ್ಟು ದೊಡ್ಡ ಲಾಭ ನನಗಂತೂ ಕಾಣುವುದಿಲ್ಲ.

ಸದಾ ಆನ್ ಇಡುವುದೆಂದರೆ ಬಿಲ್ಲಿನ ಪ್ರಶ್ನೆ ಬರುತ್ತದೆ. ಸುಮ್ಮನೆ ಕುಳಿತ ಡೆಸ್ಕ್‌ಟಾಪ್ 50 ವ್ಯಾಟ್ ಬಳಸುತ್ತದೆ ಎಂದಿಟ್ಟುಕೊಂಡರೆ ತಿಂಗಳಿಗೆ 36 ಯೂನಿಟ್ ಆಯಿತು. ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ: ಆ ಮನೆಗೆ ನಿಗದಿಯಾದ ಸರಾಸರಿ ಮಿತಿಯನ್ನು ದಾಟಿದರೆ ದಾಟಿದಷ್ಟಕ್ಕೆ ಮೆಸ್ಕಾಂ ಬಿಲ್ ಬರುತ್ತದೆ, 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಹಳೆಯ ಲ್ಯಾಪ್‌ಟಾಪೊಂದನ್ನು ಮೀಸಲಿಡುವುದು ಜಾಣತನ. ಅದರ ವಿದ್ಯುತ್ ಬಳಕೆ ಡೆಸ್ಕ್‌ಟಾಪಿನ ಒಂದು ಪಾಲು ಮಾತ್ರ, ಮತ್ತು ಒಳಗೇ ಬ್ಯಾಟರಿ ಇರುವುದರಿಂದ ಪದೇಪದೇ ಹೋಗಿ ಬರುವ ಕರೆಂಟಿಗೆ ಅದು ಜಗ್ಗುವುದಿಲ್ಲ. ಮುಚ್ಚಳ ಮುಚ್ಚಿದಾಗ ಏನೂ ಆಗದಂತೆ ‘ಡೂ ನಥಿಂಗ್’ ಆರಿಸಿ, ತಯಾರಕರ ತಂತ್ರಾಂಶದಲ್ಲಿ ಅವಕಾಶವಿದ್ದರೆ ಬ್ಯಾಟರಿ ಚಾರ್ಜನ್ನು 80 ಶೇಕಡಾಕ್ಕೆ ಮಿತಿಗೊಳಿಸಿ. ದೋಷ ಒಂದೇ: ಕರೆಂಟ್ ಇಲ್ಲದೆ ಬ್ಯಾಟರಿ ಪೂರ್ತಿ ಬರಿದಾದರೆ, ಕರೆಂಟ್ ಬಂದಾಗ ತಾನಾಗಿ ಆನ್ ಆಗುವ ಆಯ್ಕೆ ಕೆಲವೇ ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿದೆ.

ಕಂಪ್ಯೂಟರಿಗೆ ಯುಪಿಎಸ್ ಇಟ್ಟು ರೂಟರನ್ನು ಮರೆಯುವವರು ಬಹಳ. ರೂಟರ್ ಮತ್ತು ಫೈಬರ್ ಪೆಟ್ಟಿಗೆ ಆರಿದ ಮೇಲೆ ಕಂಪ್ಯೂಟರ್ ಉರಿಯುತ್ತಿದ್ದರೆ ಪ್ರಯೋಜನವಿಲ್ಲ. ಹೆಚ್ಚಿನ ರೂಟರ್‌ಗಳು 12 ವೋಲ್ಟಿನವು. ಅವಕ್ಕೆಂದೇ ಸಿಗುವ ಪುಟ್ಟ ಯುಪಿಎಸ್ ಡಬ್ಬವನ್ನು ಅಡಾಪ್ಟರ್ ಮೇಲಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿ ಕೊಳ್ಳಬೇಕು. ಮನೆಗೆ ಇನ್ವರ್ಟರ್ ಇದ್ದರೆ ರೂಟರಿನ ಪ್ಲಗ್ ಆ ಸಾಲಿನಲ್ಲೇ ಇರಲಿ, ಡೆಸ್ಕ್‌ಟಾಪೂ ಅದರಲ್ಲಿದ್ದರೆ ಇನ್ವರ್ಟರನ್ನು ಯುಪಿಎಸ್ ಮೋಡ್‌ನಲ್ಲಿಡಿ.

ಹೊರಡುವ ಮುನ್ನ ಪರೀಕ್ಷೆ

ಮನೆಯ ವೈಫೈನಲ್ಲೇ ಕುಳಿತು ಮಾಡಿದ ಪರೀಕ್ಷೆ ಪರೀಕ್ಷೆಯಲ್ಲ. ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ, ಸಾಧ್ಯವಾದರೆ ಮಂಗಳೂರಿನ ಹಂಪನಕಟ್ಟೆಗೋ ಉಡುಪಿಯ ಸಿಟಿ ಬಸ್ ನಿಲ್ದಾಣದ ಬಳಿಗೋ ಹೋದಾಗ ಪ್ರಯತ್ನಿಸಿ. ಸಂಪರ್ಕ ಸಿಕ್ಕಿದ ಮೇಲೆ ದೂರದಿಂದಲೇ ಮನೆಯ ಕಂಪ್ಯೂಟರನ್ನು ರಿಸ್ಟಾರ್ಟ್ ಮಾಡಿ, ಮನೆಯಲ್ಲಿ ಯಾರೂ ಲಾಗಿನ್ ಆಗದಂತೆ ಹೇಳಿ, ಕೆಲವು ನಿಮಿಷ ಬಿಟ್ಟು ಮತ್ತೆ ಒಳಬರಲು ನೋಡಿ. ಅದಾದ ನಂತರ ಮನೆಗೆ ಬಂದು ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಮೇನ್ ಸ್ವಿಚ್ ಇಳಿಸಿ, ರೂಟರ್ ಮತ್ತು ಫೈಬರ್ ಪೆಟ್ಟಿಗೆ ಸಹಿತ ಎಲ್ಲವೂ ಪೂರ್ತಿ ಆರಿದ ಮೇಲೆ ಮತ್ತೆ ಏರಿಸಿ, ಯಾವುದನ್ನೂ ಮುಟ್ಟದೆ, ಫೋನಿನ ಡೇಟಾದಿಂದ ಸಂಪರ್ಕಿಸಿ. ಇದರಲ್ಲಿ ಉತ್ತೀರ್ಣವಾದ ವ್ಯವಸ್ಥೆಯನ್ನು ನಂಬಿ ವಿಮಾನ ಹತ್ತಬಹುದು. ಪ್ರೊ ಆವೃತ್ತಿಯವರೂ ಕ್ರೋಮ್ ರಿಮೋಟ್ ಡೆಸ್ಕ್‌ಟಾಪನ್ನು ಎರಡನೆಯ ದಾರಿಯಾಗಿ ಹಾಕಿಟ್ಟುಕೊಂಡರೆ, ಟೈಲ್‌ಸ್ಕೇಲ್ ಕೈಕೊಟ್ಟ ದಿನ ಅದನ್ನು ಸರಿಪಡಿಸಲು ಒಳಬರುವ ಬಾಗಿಲೊಂದು ಇದ್ದಂತಾಗುತ್ತದೆ.

ಬಳಸುವಾಗ

ಸಂಪರ್ಕ ನಿಧಾನವಾಗಿದ್ದರೆ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್‌ನ ಎಕ್ಸ್‌ಪೀರಿಯನ್ಸ್ ವಿಭಾಗದಲ್ಲಿ ವಾಲ್‌ಪೇಪರ್ ಮುಂತಾದ ಅಲಂಕಾರಗಳನ್ನು ತೆಗೆದುಹಾಕಿ, ಡಿಸ್‌ಪ್ಲೇ ವಿಭಾಗದಲ್ಲಿ ಬಣ್ಣಗಳನ್ನು 16 ಬಿಟ್‌ಗೆ ಇಳಿಸಿ. ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದರೆ ಅದು ಕೈಯಲ್ಲಿರುವ ಕಂಪ್ಯೂಟರಿಗೇ ತಗಲುತ್ತದೆ. ದೂರದ್ದಕ್ಕೆ ಕಳುಹಿಸಲು ಕಂಟ್ರೋಲ್-ಆಲ್ಟ್-ಎಂಡ್ ಒತ್ತಬೇಕು. ಕೆಲಸ ಮುಗಿದಾಗ ಕಿಟಕಿಯನ್ನು ಮುಚ್ಚಿದರೆ ಸಂಪರ್ಕ ಮಾತ್ರ ಕಡಿಯುತ್ತದೆ, ತೆರೆದಿದ್ದ ಟ್ಯಾಲಿ ಅಲ್ಲಿ ಹಾಗೆಯೇ ಇರುತ್ತದೆ. ದೀರ್ಘಕಾಲ ಬರುವುದಿಲ್ಲವಾದರೆ ಎಲ್ಲವನ್ನೂ ಉಳಿಸಿ ಸೈನ್ ಔಟ್ ಆಗುವುದು ಲೇಸು. ಶಟ್‌ಡೌನ್ ಮಾತ್ರ ಕೊಡಬೇಡಿ, ಕೊಟ್ಟರೆ ಮನೆಯಲ್ಲಿ ಯಾರಾದರೂ ಗುಂಡಿ ಒತ್ತುವವರೆಗೆ ಕಾಯಬೇಕಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಈ ವಿಧಾನದಿಂದ ಒಂದು ಅನಿರೀಕ್ಷಿತ ಲಾಭವಿದೆ. ಯೂನಿಕೋಡ್ ಬರುವ ಮೊದಲು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತಗಳನ್ನು ಇಮೇಲ್‌ನಲ್ಲಿ ತರಿಸಿ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳ ಸಾಲು ಕಾಣುತ್ತದೆ. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಕಡತ ತೆರೆಯುವುದು ಆ ಫಾಂಟುಗಳಿರುವ ಮನೆಯ ಕಂಪ್ಯೂಟರಿನಲ್ಲೇ ಆದ್ದರಿಂದ ಅಕ್ಷರಗಳು ಸರಿಯಾಗಿಯೇ ಮೂಡುತ್ತವೆ. ಟೈಪ್ ಮಾಡುವಾಗ ಮಾತ್ರ ನುಡಿಯನ್ನು ಎರಡೂ ಕಡೆ ಆನ್ ಮಾಡಬೇಡಿ. ಕೈಯಲ್ಲಿರುವ ಲ್ಯಾಪ್‌ಟಾಪಿನಲ್ಲಿ ಕೀಲಿಮಣೆಯನ್ನು ಇಂಗ್ಲಿಷಿಗೆ ಇಟ್ಟು ಮನೆಯ ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಬದಲಿಸಿ.

ಸೈಬರ್ ಸೆಂಟರಿನಂಥ ಅಥವಾ ಬೇರೆಯವರ ಕಂಪ್ಯೂಟರಿನಿಂದ ಮನೆಗೆ ಬರುವುದನ್ನು ಆದಷ್ಟು ತಪ್ಪಿಸಬೇಕು. ತಪ್ಪದೆ ಬರಬೇಕಾದರೆ ಪಾಸ್‌ವರ್ಡ್ ನೆನಪಿಡುವ ಆಯ್ಕೆಯನ್ನು ತೆಗೆದು, ಲೋಕಲ್ ರಿಸೋರ್ಸಸ್ ವಿಭಾಗದಲ್ಲಿ ಡ್ರೈವ್‌ಗಳ ಹಂಚಿಕೆಯನ್ನು ಆಫ್ ಮಾಡಿ, ಮುಗಿದ ಮೇಲೆ ಖಾತೆಯಿಂದ ಹೊರಬನ್ನಿ.

ಮನೆಯವರಿಗೆ ಹೇಳಬೇಕಾದದ್ದು

ಮನೆಯಲ್ಲಿ ಇಂಥ ವ್ಯವಸ್ಥೆ ಇದೆ ಎಂದಾದ ಮೇಲೆ, ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡಿದರೆ ಮನೆಯವರು ಹೆದರುವುದಿಲ್ಲ, ‘ಮಗ ಏನೋ ಮಾಡುತ್ತಿದ್ದಾನೆ’ ಎಂದುಕೊಳ್ಳುತ್ತಾರೆ. ವಂಚಕರಿಗೆ ಬೇಕಾದದ್ದೂ ಅದೇ ವಿಶ್ವಾಸ. ಬ್ಯಾಂಕಿನ ಕೆವೈಸಿ ಎಂದೋ ವಿದ್ಯುತ್ ಬಿಲ್ ಬಾಕಿ ಎಂದೋ ಕರೆ ಮಾಡಿ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ, ಅದರಲ್ಲಿ ಮೂಡುವ ಸಂಖ್ಯೆಯನ್ನು ಕೇಳಿ ಪಡೆದು ಖಾತೆ ಖಾಲಿ ಮಾಡುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ್ಯಪ್‌ಗಳಲ್ಲಿ ದೋಷವಿಲ್ಲ, ಅವುಗಳ ಕೆಲಸವೇ ಪರದೆಯನ್ನು ಇನ್ನೊಬ್ಬರ ಕೈಗೆ ಕೊಡುವುದು. ನೀವು ದೂರದಿಂದ ಬರುವ ಮುನ್ನ ಪ್ರತಿ ಸಲವೂ ಮನೆಗೆ ಫೋನ್ ಮಾಡುವ ಪದ್ಧತಿ ಇಟ್ಟುಕೊಳ್ಳಿ. ಫೋನ್ ಬರದೆ ಬಾಣ ಓಡಾಡಿದರೆ ರೂಟರಿನ ಪ್ಲಗ್ ಕೀಳುವಂತೆ ಹೇಳಿಡಿ. ಹಣ ಹೋದದ್ದು ತಿಳಿದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಫೋನಿನ ಬಳಿ ಗೋಡೆಯ ಮೇಲೆ ದೊಡ್ಡದಾಗಿ ಬರೆದಂಟಿಸಿ.

ನಿಮ್ಮ ಕಡೆಯಿಂದ ಆಗಾಗ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನ ಸೆಕ್ಯುರಿಟಿ ವಿಭಾಗವನ್ನು ನೋಡಿ. 4625 ಎಂಬ ಸಂಖ್ಯೆಯ ದಾಖಲೆಗಳು ವಿಫಲವಾದ ಲಾಗಿನ್ ಪ್ರಯತ್ನಗಳು. 4624 ಯಶಸ್ವಿಯಾದವು, ಅದರ ವಿವರದಲ್ಲಿ ಲಾಗಿನ್ ಬಗೆ 10 ಎಂದಿದ್ದರೆ ಅದು ರಿಮೋಟ್ ಡೆಸ್ಕ್‌ಟಾಪಿನಿಂದ ಆದದ್ದು. ನೀವು ನಿದ್ದೆಯಲ್ಲಿದ್ದ ಹೊತ್ತಿನಲ್ಲಿ ಅಂಥ ದಾಖಲೆ ಕಂಡರೆ ಪಾಸ್‌ವರ್ಡ್ ಬದಲಿಸಿ, ರಿಮೋಟ್ ಡೆಸ್ಕ್‌ಟಾಪನ್ನು ಆಫ್ ಮಾಡಿ ಕಾರಣ ಹುಡುಕಿ. ಫೋನ್ ಕಳೆದುಹೋದಾಗ ಅಥವಾ ಲ್ಯಾಪ್‌ಟಾಪ್ ಮಾರುವಾಗ ಟೈಲ್‌ಸ್ಕೇಲಿನ ಅಡ್ಮಿನ್ ಪುಟದಿಂದ ಆ ಸಾಧನವನ್ನು ತೆಗೆದುಹಾಕಿ, ಗೂಗಲ್ ಖಾತೆಯ ಸಾಧನಗಳ ಪಟ್ಟಿಯಿಂದಲೂ ಅದನ್ನು ಹೊರಹಾಕಿ. ಮನೆಯ ಕಂಪ್ಯೂಟರನ್ನೇ ಬದಲಿಸುವುದಾದರೆ ಹಳೆಯದರ ಹೆಸರನ್ನು ಕ್ರೋಮ್ ರಿಮೋಟ್ ಡೆಸ್ಕ್‌ಟಾಪಿನ ಪಟ್ಟಿಯಿಂದ ಅಳಿಸಿದ ನಂತರವೇ ಅದನ್ನು ಅಂಗಡಿಗೆ ಕೊಡಿ.